ಬಾಗಿಲಿಗೆ ಅಂಟಿಸಿದ ಚೀಟಿ

ನಮ್ಮೂರಲ್ಲಿ ಯಾರಾದ್ರೂ ಮನೆ ಬದಲಾಯಿಸಿದ್ರೆ ಮೊದಲು ಪೋಸ್ಟ್‌ಮ್ಯಾನ್‌ಗೆ ಹೇಳ್ತಿದ್ರು. ಅಷ್ಟು ಸಾಕು, ಕಾಗದ ನೇರ ಹೊಸ ಮನೆಗೆ ಬರ್ತಿತ್ತು. ಬೆಂಗಳೂರಿನ ನಾವು ಎಂಜಿನಿಯರುಗಳು ಮಾತ್ರ ವೆಬ್‌ಸೈಟ್ ಸಾಗಿಸುವಾಗ ಹಳೇ ಮನೆಯ ಬಾಗಿಲಿಗೆ ಚೀಟಿ ಅಂಟಿಸಿ ಕೈತೊಳೆದುಕೊಳ್ತೇವೆ.

ಆ ಚೀಟಿಯೇ ಕ್ಲೈಂಟ್-ಸೈಡ್ ರೀಡೈರೆಕ್ಟ್. ಸರ್ವರ್‌ನಲ್ಲೇ 301 ಕೊಟ್ಟರೆ ಪುಟ ತೆರೆಯುವ ಮೊದಲೇ ‘ಇವರು ಕಾಯಂ ಆಗಿ ಅಲ್ಲಿಗೆ ಹೋಗಿದ್ದಾರೆ’ ಅಂತ ಉತ್ತರ ಸಿಗುತ್ತೆ. ಜಾವಾಸ್ಕ್ರಿಪ್ಟ್‌ನಲ್ಲಿ ಬರೆದರೆ ಗೂಗಲ್‌ನ ಬಾಟ್ ಪುಟ ತರಬೇಕು, ರೆಂಡರ್ ಮಾಡಬೇಕು, ಆಮೇಲೆ ಚೀಟಿ ಓದಬೇಕು. ರೆಂಡರ್ ಆಗದಿದ್ದರೆ ಚೀಟಿ ಇದ್ದದ್ದೇ ಗೊತ್ತಾಗಲ್ಲ. ಮೆಟಾ ರಿಫ್ರೆಶ್ ನಡುವಿನ ದಾರಿ. ಸೊನ್ನೆ ಸೆಕೆಂಡಿನದಾದರೆ ಗೂಗಲ್ ಅದನ್ನು ಕಾಯಂ ಅಂದುಕೊಳ್ಳುತ್ತೆ; ‘5 ಸೆಕೆಂಡ್ ಕಾಯಿರಿ’ ಅಂದರೆ ತಾತ್ಕಾಲಿಕ ಅಂದುಕೊಳ್ಳುತ್ತೆ.

ಇದನ್ನೆಲ್ಲ ನಾನು ಕಲಿತದ್ದು ಅತ್ತಿಗೆಯ ಖರ್ಚಿನಲ್ಲಿ. ಊರಲ್ಲಿ ಅವರದು ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ. ಹೊಸ ಡೊಮೇನ್‌ಗೆ ಸೈಟ್ ಸಾಗಿಸುವಾಗ ಹಳೇ ಪುಟಗಳನ್ನೆಲ್ಲ ಒಂದೇ ಸಾಲಿನ ಸ್ಕ್ರಿಪ್ಟ್‌ನಿಂದ ಹೋಮ್‌ಪೇಜಿಗೆ ತಳ್ಳಿದ್ದೆ. ಬ್ರೌಸರಲ್ಲಿ ಚೆನ್ನಾಗೇ ಓಡ್ತು. ಸ್ವಲ್ಪ ದಿನಕ್ಕೆ ಅತ್ತಿಗೆ ಫೋನು: “ಎಂತ ಮಾಡಿದ್ಯಾ ಮಾರಾಯ, ಮದುವೆ ಸೀಸನ್ನಲ್ಲೂ ಒಬ್ಬರೂ ವಿಚಾರಿಸ್ತಿಲ್ಲ.” 10 ಇಂಚಿನ ತಟ್ಟೆಯ ಪುಟವನ್ನು ಹೋಮ್‌ಪೇಜಿಗೆ ತಿರುಗಿಸಿದರೆ ಗೂಗಲ್ ‘ಆ ಪುಟವೇ ಇಲ್ಲ’ ಅಂತ ಲೆಕ್ಕ ಹಾಕಬಹುದು. ಕೂತು ಒಂದೊಂದು ಪುಟಕ್ಕೂ ಅದರದೇ ಹೊಸ ವಿಳಾಸಕ್ಕೆ 301 ಬರೆದೆ. ಗಿರಾಕಿಗಳು ನಿಧಾನಕ್ಕೆ ಮರಳಿದರು. ಆ ಸೀಸನ್ ಮರಳಲಿಲ್ಲ.

2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯುನ ಜರ್ಮನಿ ಸೈಟನ್ನು ಗೂಗಲ್ ತನ್ನ ಹುಡುಕಾಟದಿಂದಲೇ ತೆಗೆದಿತ್ತು. ಬಾಟ್‌ಗೆ ‘ಬಳಸಿದ ಕಾರು’ ಅನ್ನುವ ಪದ ತುಂಬಿದ ಪುಟ, ಮನುಷ್ಯರಿಗೆ ಜಾವಾಸ್ಕ್ರಿಪ್ಟ್ ಮೂಲಕ ಬೇರೆ ಪುಟ. ಅವರದು ಅತಿಜಾಣತನ, ನನ್ನದು ಸೋಮಾರಿತನ. ಅವರು ಪುಟ ತೆಗೆದು ಕೆಲವೇ ದಿನಗಳಲ್ಲಿ ವಾಪಸ್ ಬಂದರು. ಅವರ ಹೆಸರು ಗೊತ್ತಿದ್ದವರು ಹೇಗೂ ಹುಡುಕಿಕೊಂಡು ಬರ್ತಾರೆ. ಅತ್ತಿಗೆಯ ಘಟಕದ ಹೆಸರು ಯಾರಿಗೆ ಗೊತ್ತು?

ಗಿಟ್‌ಹಬ್ ಪೇಜಸ್‌ನಂಥ ಕಡೆ ಸರ್ವರ್ ನಮ್ಮ ಕೈಲಿರಲ್ಲ, ಅಲ್ಲಿ ಸೊನ್ನೆ ಸೆಕೆಂಡಿನ ಮೆಟಾ ರಿಫ್ರೆಶ್ ಹಾಕಿದರೆ ತಪ್ಪಿಲ್ಲ. ನನ್ನ ತಕರಾರು ಇರೋದು, ಸರ್ವರ್ ಕೈಲಿದ್ದೂ ಒಂದು ಟಿಕೆಟ್ ಹಾಕೋಕೆ ಬೇಜಾರು ಅಂತ ಸ್ಕ್ರಿಪ್ಟ್ ಅಂಟಿಸುವ ನಮ್ಮ ಅಭ್ಯಾಸದ ಬಗ್ಗೆ. ‘ನನ್ನ ಬ್ರೌಸರಲ್ಲಿ ಓಡ್ತಲ್ಲ’ ಅನ್ನೋದು ಟೆಸ್ಟಿಂಗ್ ಅಲ್ಲ. ಹಳೇ ವಿಳಾಸಕ್ಕೆ ಒಮ್ಮೆ ಕರ್ಲ್ ಹೊಡೆದು ನೋಡಿ. 200 ಬಂದರೆ, ಪೋಸ್ಟ್‌ಮ್ಯಾನ್‌ಗೆ ನೀವಿನ್ನೂ ಹೇಳಿಲ್ಲ.