ದಾಸರ ಉತ್ತರೀಯ, ಕಂಪನಿಯ ಪರದೆ

ಬಸವನಗುಡಿಯ ನಮ್ಮ ಬೀದಿಯಲ್ಲಿ ರಾಮನವಮಿಗೆ ಚಪ್ಪರ ಹಾಕಿ ಹರಿಕಥೆ ಮಾಡಿಸುತ್ತಿದ್ದರು. ದಾಸರು ಹೆಗಲ ಮೇಲಿನ ಉತ್ತರೀಯ ಎಳೆದು ಸೊಂಟಕ್ಕೆ ಬಿಗಿದರೆ ಹನುಮಂತ. ಅದನ್ನೇ ತಲೆಯ ಮೇಲೆ ಹೊದ್ದರೆ ಅಶೋಕವನದ ಸೀತೆ. ಹಿಂದಕ್ಕೆ ಇಳಿಬಿಟ್ಟರೆ ಬೆಂಕಿ ಹತ್ತಿದ ಬಾಲ. ಕೈಯಲ್ಲಿ ಚಿಟಿಕೆ, ಕಾಲಲ್ಲಿ ಗೆಜ್ಜೆ, ಪಕ್ಕದಲ್ಲೊಂದು ಹಾರ್ಮೋನಿಯಂ, ಅಷ್ಟೇ ಸರಂಜಾಮು. ಪಾನಕದ ಲೋಟ ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಲಂಕೆ ಧಗಧಗ ಉರಿಯುವುದು ಕಂಡಿತ್ತು. ಆಮೇಲೆ ಎಷ್ಟೋ ಪೌರಾಣಿಕ ಚಿತ್ರ ನೋಡಿದೆ. ಲಂಕೆ ಅಷ್ಟು ಚೆನ್ನಾಗಿ ಇನ್ನೆಲ್ಲೂ ಉರಿಯಲಿಲ್ಲ.

ಈ ನೆನಪು ಮತ್ತೆ ಬಂದದ್ದು ತರ್ಸೇಮ್ ಸಿಂಗ್ ಅವರ ‘ದಿ ಫಾಲ್’ (2006) ನೋಡುವಾಗ. ಆಸ್ಪತ್ರೆಯಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡು ಮಲಗಿದ ಸಿನಿಮಾ ಸಾಹಸಗಾರ, ಕೈ ಮುರಿದುಕೊಂಡ ಪುಟ್ಟ ಹುಡುಗಿಗೆ ಕಥೆ ಹೇಳುತ್ತಾನೆ. ಅವನು ‘ಇಂಡಿಯನ್’ ಎಂದಾಗ ಅವನ ಮನಸ್ಸಿನಲ್ಲಿರುವುದು ಅಮೆರಿಕದ ಮೂಲನಿವಾಸಿ. ಹುಡುಗಿಗೆ ಕಾಣುವುದು, ಹಾಗೂ ತೆರೆಯ ಮೇಲೆ ಬರುವುದು, ರುಮಾಲು ಸುತ್ತಿದ ನಮ್ಮ ಭಾರತದವನು! ರಾಜಸ್ಥಾನದ ಮೆಟ್ಟಿಲು ಬಾವಿ, ನೀಲಿ ಬಣ್ಣದ ಜೋಧಪುರ, ಎಲ್ಲವೂ ಕಣ್ಣು ಕುಕ್ಕುತ್ತವೆ. ಆದರೆ ಆ ಚಿತ್ರ ಗೆದ್ದದ್ದು ಈ ತಪ್ಪು ತಿಳಿವಳಿಕೆಯಿಂದ. ಹೇಳಿದ್ದು ಅವನ ಕಥೆ, ಕಂಡದ್ದು ಅವಳ ಕಥೆ.

ನಮ್ಮ ಕನ್ನಡದ ಅದ್ಭುತರಮ್ಯ ಚಿತ್ರಗಳು ಈ ಗುಟ್ಟನ್ನು ಮನೆಯಲ್ಲಿಟ್ಟುಕೊಂಡೇ ಮರೆತವು ಎಂಬುದು ನನ್ನ ತಕರಾರು. ಅವು ಹುಟ್ಟಿದ್ದು ದಾಸರ ಚಪ್ಪರದಲ್ಲಲ್ಲ, ಕಂಪನಿ ನಾಟಕದ ಟೆಂಟಿನಲ್ಲಿ. ಕಂಪನಿಗೆ ಪರದೆಯೇ ಬಂಡವಾಳ. ಅರಮನೆಯ ಸೀನರಿ, ಕಾಡಿನ ಸೀನರಿ, ಕಣ್ಣೆದುರೇ ದೃಶ್ಯ ಬದಲಾಗುವ ಟ್ರಾನ್ಸ್‌ಫರ್ ಸೀನು. ಗುಬ್ಬಿ ವೀರಣ್ಣನವರಂತೂ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದರು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ ಪಳಗಿದ್ದು ಆ ಕಂಪನಿಯಲ್ಲೇ. 1954ರ ‘ಬೇಡರ ಕಣ್ಣಪ್ಪ’ದಿಂದ ಮುಂದೆ ಕನ್ನಡದ ಪೌರಾಣಿಕ ಚಿತ್ರವೆಂದರೆ ಆ ಟೆಂಟಿನ ವಿಸ್ತರಣೆ. ಇದನ್ನು ಕೊರತೆಯೆಂದು ಹೇಳುತ್ತಿಲ್ಲ. ಪರದೆ ಅಲುಗಾಡಿದರೂ, ಕಿರೀಟದ ಚಿನ್ನದ ಕಾಗದ ಕಿತ್ತುಬಂದರೂ ಮಾತು ಅಲುಗಾಡಬಾರದು ಎಂಬ ಶಿಸ್ತು ಬಂದದ್ದೂ ಅಲ್ಲಿಂದಲೇ.

ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ (1977) ನೋಡಿ. ಅರ್ಜುನನೂ ರಾಜ್‌ಕುಮಾರ್, ಮಗನೂ ರಾಜ್‌ಕುಮಾರ್. ಇಬ್ಬರೂ ಎದುರುಬದುರು ನಿಂತು ಹಾಡಿನಲ್ಲೇ ಕಾದಾಡುವ ದೃಶ್ಯವೊಂದಿದೆ. ಒಂದೇ ಮುಖವನ್ನು ಎರಡು ಕಡೆ ಕೂರಿಸಿದ ಕ್ಯಾಮೆರಾ ಚಮತ್ಕಾರಕ್ಕೆ ಈಗಿನ ಹುಡುಗರು ನಕ್ಕಾರು. ಆದರೆ ಕಣ್ಣು ಮುಚ್ಚಿ ಕೇಳಿ. ಒಂದು ಕಂಠ ರಾಜ್ ಅವರದ್ದು, ಇನ್ನೊಂದು ಪಿ.ಬಿ. ಶ್ರೀನಿವಾಸ್ ಅವರದ್ದು. ಅಪ್ಪ ಯಾರು, ಮಗ ಯಾರು ಎಂದು ಕಿವಿಯೇ ಬೇರೆ ಮಾಡಿಕೊಡುತ್ತದೆ. ಬಾಣ ಹಾರುವುದಕ್ಕೂ ಮೊದಲೇ ಮಾತು ನಾಟಿರುತ್ತದೆ. ಮೀಸೆ ತಿರುವಿ ಒಂದು ಸಾಲು, ಅದಕ್ಕೆ ತೊಡೆ ತಟ್ಟಿ ಇನ್ನೊಂದು ಸಾಲು. ಇದು ಶುದ್ಧ ಹರಿಕಥೆ! ಅದೇ ನಿರ್ದೇಶಕರ ‘ಸತ್ಯ ಹರಿಶ್ಚಂದ್ರ’ವೂ (1965) ಹೀಗೆಯೇ, ಕಪ್ಪು ಬಿಳುಪಿನಲ್ಲೇ ಸ್ಮಶಾನವನ್ನು ಕಟ್ಟಿಕೊಟ್ಟ ಚಿತ್ರ. 2008ರಲ್ಲಿ ಅದಕ್ಕೆ ಬಣ್ಣ ಹಚ್ಚಿ ಬಿಡುಗಡೆ ಮಾಡಿದರು. ಬಣ್ಣದಿಂದ ನನಗೆ ಹೊಸದಾಗಿ ಸಿಕ್ಕಿದ್ದು ಏನೂ ಇಲ್ಲ.

2019ರಲ್ಲಿ ‘ಕುರುಕ್ಷೇತ್ರ’ ಮತ್ತೆ ಬಂತು, ಈ ಸಲ ತ್ರೀಡಿಯಲ್ಲಿ. ರನ್ನನ ಗದಾಯುದ್ಧದ ಜಾಡು ಹಿಡಿದು ದುರ್ಯೋಧನನನ್ನು ನಡುವೆ ನಿಲ್ಲಿಸಿದ್ದು ಒಳ್ಳೆಯ ಯೋಚನೆಯೇ. ಆದರೆ ವೀರಣ್ಣನವರ ಆನೆ ಲದ್ದಿ ಹಾಕುವ ಆನೆ. ಅದು ಯಾವ ಗಳಿಗೆಯಲ್ಲಿ ಏನು ಮಾಡೀತೋ ಎಂಬ ದಿಗಿಲು ನೋಡುವವನಿಗೂ ಇತ್ತು. ಕಂಪ್ಯೂಟರಿನ ಆನೆ ಹೇಳಿದಷ್ಟೇ ಹೆಜ್ಜೆ ಇಡುತ್ತದೆ. ಎಲ್ಲವನ್ನೂ ತುಂಬಿಕೊಟ್ಟ ಚೌಕಟ್ಟಿನಲ್ಲಿ ನಾನು ತುಂಬಬೇಕಾದ್ದು ಏನೂ ಉಳಿದಿರಲಿಲ್ಲ, ಕನ್ನಡಕ ಹಾಕಿಕೊಂಡು ಸುಮ್ಮನೆ ಕೂತಿದ್ದೆ.

ಕಥೆಯ ಬಗ್ಗೆಯೇ ಕಥೆ ಹೇಳುವ ದಾರಿಯೊಂದು ಕನ್ನಡದಲ್ಲಿ ಇರಲಿಲ್ಲವೆಂದಲ್ಲ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಗಿರೀಶ ಕಾರ್ನಾಡರು ‘ನಾಗಮಂಡಲ’ ಕಟ್ಟಿದರು. ಆ ನಾಟಕದ ಆರಂಭದಷ್ಟು ಸಿನಿಮಾಕ್ಕೆ ಹೊಂದುವ ದೃಶ್ಯ ಕನ್ನಡದಲ್ಲಿ ಕಡಿಮೆ. ಪಾಳುಗುಡಿಯಲ್ಲಿ ಒಬ್ಬ ನಾಟಕಕಾರ ನಿದ್ದೆಗೆಟ್ಟು ಕೂತಿದ್ದಾನೆ. ಊರಿನ ಮನೆಗಳಲ್ಲಿ ದೀಪ ಆರಿಸಿದ ಮೇಲೆ ಆ ಜ್ಯೋತಿಗಳೆಲ್ಲ ಅಲ್ಲಿ ಸೇರಿ ತಮ್ಮ ತಮ್ಮ ಮನೆಯ ಹರಟೆ ಕೊಚ್ಚುತ್ತವೆ. ಯಾರಿಗೂ ಹೇಳದೆ ಮುದುಕಿಯೊಬ್ಬಳು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಕಥೆ, ಹೆಣ್ಣಾಗಿ ತಪ್ಪಿಸಿಕೊಂಡು ಬರುತ್ತದೆ. ಕೇಳುವವರಿಲ್ಲದಿದ್ದರೆ ಅದಕ್ಕೆ ಬದುಕಿಲ್ಲ. ನಾಗಾಭರಣರ ಚಿತ್ರ (1997) ಒಳ್ಳೆಯದು, ಸಿ. ಅಶ್ವತ್ಥರ ಸಂಗೀತವಂತೂ ಇನ್ನೂ ಕಿವಿಯಲ್ಲಿದೆ. ಆದರೂ ಅದನ್ನು ನೋಡಿ ಬಂದವರ ಮನಸ್ಸಿನಲ್ಲಿ ನಿಲ್ಲುವುದು ನಾಯಕಿ ರಾಣಿ ಮತ್ತು ನಾಗ, ಹರಟುವ ದೀಪಗಳಲ್ಲ.

‘ಅವನೇ ಶ್ರೀಮನ್ನಾರಾಯಣ’ (2019) ಈ ಸಾಲಿನಲ್ಲಿ ನನಗೆ ಪ್ರಿಯವಾದ ಸೋಲು. ಅಮರಾವತಿ ಎಂಬ ಎಲ್ಲೂ ಇಲ್ಲದ ಊರು, ನಿಧಿ ದೋಚಿದ ನಾಟಕ ಮಂಡಳಿ. ಅಂದರೆ ಕಂಪನಿಯ ಪರದೆಯನ್ನೇ ಕಥೆಯೊಳಗೆ ಎಳೆದು ತಂದರು. ಸೆಟ್ಟುಗಳ ಮೋಹದಲ್ಲಿ ಮೂರು ಗಂಟೆ ಎಳೆದದ್ದು ತಪ್ಪು. ಆದರೆ ತಾನು ಯಾವ ಮನೆಯ ಕೂಸು ಎಂದು ಆ ಚಿತ್ರಕ್ಕೆ ಗೊತ್ತಿತ್ತು.

ಈ ಪರಂಪರೆಯ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’. ಚಾಮರಾಜಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಪ್ಯಾರಾಮೌಂಟ್ ಟಾಕೀಸಿನಲ್ಲಿ 1934ರ ಮಾರ್ಚ್ 3ರಂದು ತೆರೆ ಕಂಡಿತು. ಆರ್. ನಾಗೇಂದ್ರರಾಯರ ರಾವಣ, ಸುಬ್ಬಯ್ಯನಾಯ್ಡು ಅವರ ಇಂದ್ರಜಿತು. ಹರಿಕಥೆಯಲ್ಲಿ ಇಂದ್ರಜಿತುವಿನ ಕಡಿದ ತೋಳು ಸುಲೋಚನೆಯ ಅಂಗಳಕ್ಕೆ ಬಂದು ಬಿದ್ದು, ತನ್ನ ಸಾವಿನ ಸುದ್ದಿಯನ್ನು ತಾನೇ ಬರೆದು ತಿಳಿಸುತ್ತದೆ. ಕೊಲ್ಹಾಪುರದ ಸ್ಟುಡಿಯೋದಲ್ಲಿ ಅದನ್ನು ತೋರಿಸಿದ್ದರೋ, ತೋರಿಸಿದ್ದರೆ ಹೇಗೋ, ನೋಡೋಣವೆಂದರೆ ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ.