ಇಲಿಯಿಲ್ಲದ ಕಿಂದರಿಜೋಗಿ

ತಂಗಿಯ ಮಗಳ ನೋಟ್‌ಬುಕ್ಕಿನಲ್ಲಿ ಮೊನ್ನೆ ಎರಡು ವೃತ್ತ ಕಂಡವು, ಒಂದರೊಳಗೆ ಒಂದು ಅರ್ಧ ನುಗ್ಗಿದ ಹಾಗೆ. ಎಡಕ್ಕೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’, ಬಲಕ್ಕೆ ಅದಕ್ಕೆ ಮೂಲವಾದ, ರಾಬರ್ಟ್ ಬ್ರೌನಿಂಗ್ 1842ರಲ್ಲಿ ಅಚ್ಚು ಹಾಕಿಸಿದ ಹ್ಯಾಮೆಲಿನ್ ಪದ್ಯ. ನಡುವೆ: ಇಲಿ, ಮೋಸ, ಮಕ್ಕಳು. ಆಚೀಚೆ: ಅಲ್ಲಿ ವೇಸರ್ ನದಿ, ಇಲ್ಲಿ ತುಂಗಾ. ಕೆಳಗೆ ಕೆಂಪು ಶಾಯಿಯಲ್ಲಿ ‘ಗುಡ್’.

ತಪ್ಪು ಒಂದೂ ಇಲ್ಲ. ನನ್ನ ತಕರಾರೂ ಅದೇ. ಸಾಮ್ಯ, ವ್ಯತ್ಯಾಸ ಪಟ್ಟಿ ಮಾಡಿದರೆ ಮಗುವಿಗೆ ಹೋಲಿಸಿ ಓದಲು ಬಂತು ಎಂದು ನಂಬಿಕೊಂಡಿದ್ದೇವೆ. ಈ ಪಟ್ಟಿಗೆ ಪದ್ಯ ಓದಬೇಕಾಗಿಯೇ ಇಲ್ಲ, ಕಣ್ಣಾಡಿಸಿದರೆ ಸಾಕು.

ನದಿ ಬದಲಾದದ್ದು ಅಂಥ ದೊಡ್ಡ ಸಂಗತಿಯಲ್ಲ. ಬ್ರೌನಿಂಗನ ಊರಲ್ಲಿ ಮಾತಿಗೆ ತಪ್ಪುವವನು ಮೇಯರ್. ಉಪ್ಪುಮೀನಿನ ಪೀಪಾಯಿಯಿಂದ ಭಾನುವಾರದ ಹ್ಯಾಟಿನವರೆಗೂ ಇಲಿ ಸೇರಿಕೊಂಡಾಗ ಜನ ಟೌನ್‌ಹಾಲಿಗೆ ಬಂದು, ದಾರಿ ಹುಡುಕದಿದ್ದರೆ ನಿಮ್ಮನ್ನೇ ಓಡಿಸುತ್ತೇವೆ ಅನ್ನುತ್ತಾರೆ. ಬೊಮ್ಮನಹಳ್ಳಿಯಲ್ಲಿರುವವನು ಗೌಡ. ಗೌಡಿಕೆ ಅಪ್ಪನಿಂದ ಮಗನಿಗೆ ಬರುತ್ತಿದ್ದ ಕಾಲದ ಗೌಡ. ಅವನ ಹತ್ತಿರ ಊರವರು ಹೇಗೆ ಮಾತಾಡುತ್ತಾರೆ, ಹುಡುಕಿ ಎಂದಿದ್ದರೆ ಮಕ್ಕಳು ಪದ್ಯವನ್ನು ಎರಡು ಸಲವಾದರೂ ಓದುತ್ತಿದ್ದರು.

ಬರಹದ ಪ್ರಕಾರಗಳ ಪಾಠದ್ದೂ ಇದೇ ಹಾಡು. ವರದಿಗೆ ದಿನಾಂಕ ಬೇಕು, ವರದಿ ನಿಜ, ಕಥೆ ಕಟ್ಟಿದ್ದು ಎಂದು ಬಾಯಿಪಾಠ ಮಾಡಿಸುತ್ತಾರೆ. ಹ್ಯಾಮೆಲಿನ್ನಿನ ಬಗ್ಗೆ ಹದಿನೈದನೇ ಶತಮಾನದ ಲ್ಯೂನೆಬರ್ಗ್ ಹಸ್ತಪ್ರತಿಯಲ್ಲಿ ಲ್ಯಾಟಿನ್ ಟಿಪ್ಪಣಿಯೊಂದಿದೆ. 1284ರ ಜೂನ್ 26ರಂದು ಮೂವತ್ತರ ಆಸುಪಾಸಿನ ಚೆಲುವನೊಬ್ಬ ಬೆಳ್ಳಿಯ ಕೊಳಲೂದುತ್ತ ಬಂದ, 130 ಮಕ್ಕಳು ಅವನ ಹಿಂದೆ ಹೋದರು, ಮತ್ತೆ ಸಿಗಲಿಲ್ಲ. ಅಷ್ಟೇ. ಕೂಲಿಯಿಲ್ಲ, ಮೋಸವಿಲ್ಲ, ಇಲಿಯ ಸುಳಿವೇ ಇಲ್ಲ! ಇಲಿಗಳು ಕಥೆಗೆ ಹೊಕ್ಕದ್ದು ಹದಿನಾರನೇ ಶತಮಾನದಲ್ಲಿ. ದಿನಾಂಕವಿದೆಯೆಂದು ಟಿಪ್ಪಣಿಯನ್ನು ಪೂರ್ತಿ ನಂಬುವಂತೆಯೂ ಇಲ್ಲ, ಬರೆದದ್ದು ಒಂದೂವರೆ ಶತಮಾನದ ಮೇಲೆ. ಮಕ್ಕಳು ಸುಮ್ಮನೆ ಹೋಗಿಬಿಟ್ಟರು ಎಂಬುದನ್ನು ಊರಿಗೆ ಅರಗಿಸಿಕೊಳ್ಳಲಾಗಲಿಲ್ಲ, ಕಾರಣಕ್ಕೆಂದು ಇಲಿಗಳನ್ನು ಕರೆತಂದರು ಎಂಬುದು ನನ್ನ ಊಹೆ.

ಸಣ್ಣ ಮಕ್ಕಳಿಗೆ ಇದೆಲ್ಲ ಭಾರವಾಯಿತು ಅನ್ನುವವರಿದ್ದಾರೆ. ರಾತ್ರಿ ಊಟಕ್ಕೆ ಕೂತಾಗ ಟಿಪ್ಪಣಿಯ ಕಥೆ ಹೇಳಿದೆ. ಹುಡುಗಿ ತುತ್ತು ಕೈಯಲ್ಲೇ ಹಿಡಿದು, “ಇಲೀನೇ ಇಲ್ಲಾಂದ್ರೆ ಅವನ್ಯಾಕೆ ಮಕ್ಕಳನ್ನ ಕರ್ಕೊಂಡ್ಹೋದ, ದೊಡ್ಡಮ್ಮಾ?” ಅಂದಳು. ಕೈ ತೊಳೆದವಳೇ ಕುವೆಂಪು ಪದ್ಯ ತೆರೆದು ಕೂತಳು. ವೃತ್ತ ಬರೆಯುವಾಗ ಪುಸ್ತಕ ಮುಚ್ಚಿಯೇ ಇತ್ತಂತೆ.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಮುಂದಿನ ಸಲ ಕಿಂದರಿಜೋಗಿ ಪಾಠಕ್ಕೆ ಬಂದಾಗ ಇಲಿಯಿಲ್ಲದ ಆ ಪುಟ್ಟ ಟಿಪ್ಪಣಿಯನ್ನೂ ಮಕ್ಕಳಿಗೆ ಹೇಳಿ. ವೃತ್ತ ಬರೆಸುವುದು ಆಮೇಲೆ ಇದ್ದೇ ಇದೆ.