ಸಂಕಲ್ಪವೂ ಕಟ್ಟಳೆಯೂ: ಓಜೋನ್ ಒಪ್ಪಂದದ ವಿಮರ್ಶೆ

ಅಂತರರಾಷ್ಟ್ರೀಯ ಒಪ್ಪಂದಗಳ ಯೋಗ್ಯತೆಯನ್ನು ಅವುಗಳ ಪೀಠಿಕೆಯ ಗಾಂಭೀರ್ಯದಿಂದ ಅಳೆಯುವುದು ಸಾಧುವಲ್ಲ. ೧೯೭೨ರ ಸ್ಟಾಕ್‌ಹೋಮ್ ಘೋಷಣೆಯ ೨೬ ತತ್ತ್ವಗಳು ನಿಸ್ಸಂದೇಹವಾಗಿಯೂ ಉದಾತ್ತವಾದವು. ಭಾರತದ ೧೯೮೬ರ ಪರಿಸರ ಸಂರಕ್ಷಣಾ ಕಾಯಿದೆಯು ತನ್ನ ಪೀಠಿಕೆಯಲ್ಲಿಯೇ ಆ ಸಮ್ಮೇಳನವನ್ನು ಸ್ಮರಿಸಿದೆ. ಆದರೆ ಯಾವ ರಾಷ್ಟ್ರವು ಎಂದಿನೊಳಗೆ ಏನನ್ನು ತ್ಯಜಿಸಬೇಕೆಂಬುದನ್ನು ಆ ಘೋಷಣೆ ಗೊತ್ತುಪಡಿಸಲಿಲ್ಲ.

೧೯೮೭ರ ಮಾಂಟ್ರಿಯಲ್ ಒಪ್ಪಂದದ ರೀತಿ ಬೇರೆ. ರೆಫ್ರಿಜರೇಟರು ಮೊದಲಾದವುಗಳಲ್ಲಿ ಬಳಕೆಯಲ್ಲಿದ್ದ ಕ್ಲೋರೋಫ್ಲೋರೋಕಾರ್ಬನ್ನುಗಳಿಂದ ಓಜೋನ್ ಪದರಕ್ಕೆ ಕ್ಷಯವುಂಟೆಂದು ತಿಳಿದಾಗ, ಅದು ವಸ್ತುಗಳನ್ನು ಹೆಸರಿಸಿತು; ೧೯೮೬ರ ಬಳಕೆಯನ್ನು ಆಧಾರವಾಗಿಟ್ಟುಕೊಂಡು ಕಡಿತದ ಕಾಲಕ್ರಮವನ್ನು ವಿಧಿಸಿತು; ಹೊರಗುಳಿದ ರಾಷ್ಟ್ರಗಳೊಡನೆ ಅವುಗಳ ವ್ಯಾಪಾರವನ್ನು ನಿರ್ಬಂಧಿಸಿತು.

ಆದರೂ ಮೂಲಪಾಠದಲ್ಲಿ ಒಂದು ನ್ಯೂನತೆಯಿತ್ತು. ಹಿಂದುಳಿದ ದೇಶಗಳಿಗೆ ಅದು ೧೦ ವರ್ಷಗಳ ವಾಯಿದೆಯನ್ನು ಕೊಟ್ಟಿತೇ ಹೊರತು, ಹೊಸ ತಂತ್ರಕ್ಕೆ ತಗಲುವ ವೆಚ್ಚವನ್ನು ಹೊರುವವರಾರೆಂಬುದನ್ನು ನಿರ್ಧರಿಸಲಿಲ್ಲ. ಆಕಾಶವನ್ನು ಕೆಡಿಸಿದವರಲ್ಲಿ ಬಹುಪಾಲು ಸಿರಿವಂತ ರಾಷ್ಟ್ರಗಳು, ತೆರಬೇಕಾದವರೋ ಎಲ್ಲರೂ. ಭಾರತ ಚೀನಗಳು ಒಡನೆಯೇ ಸೇರದೆ ನಿಂತುದು ಹಠಮಾತ್ರವಲ್ಲ, ನ್ಯಾಯವಾದ ಆಕ್ಷೇಪಣೆ. ೧೯೯೦ರ ಲಂಡನ್ ಸಭೆಯು ನಿಧಿಯೊಂದನ್ನು ಏರ್ಪಡಿಸಿ ಆ ಆಕ್ಷೇಪಣೆಯನ್ನು ಮನ್ನಿಸಿತು. ೧೯೯೨ರಲ್ಲಿ ಭಾರತ ಸೇರಿತು. ೨೦೦೦ದಲ್ಲಿ, ಮೇಲೆ ಹೇಳಿದ ಕಾಯಿದೆಯಡಿಯಲ್ಲೇ, ಓಜೋನ್ ನಿಯಮಗಳು ಹೊರಟವು. ೨೦೦೯ರ ವೇಳೆಗೆ ವಿಶ್ವಸಂಸ್ಥೆಯ ಸದಸ್ಯರಾಷ್ಟ್ರಗಳೆಲ್ಲವೂ ಒಪ್ಪಂದವನ್ನು ಅಂಗೀಕರಿಸಿದ್ದವು.

ಕೆಲವೇ ಕಾರ್ಖಾನೆಗಳ ರಾಸಾಯನಿಕವನ್ನು ಬಿಡುವಷ್ಟು ಸುಲಭವಾಗಿ ಲೋಕವು ಕಲ್ಲಿದ್ದಲನ್ನು ಬಿಡಲಾರದು, ನಿಜ. ಆದರೆ ೨೦೧೫ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ರಾಷ್ಟ್ರವೂ ತನ್ನ ಗುರಿಯನ್ನು ತಾನೇ ಇಟ್ಟುಕೊಳ್ಳುತ್ತದೆ, ತಪ್ಪಿದರೆ ದಂಡವಿಲ್ಲ. ಮಾಂಟ್ರಿಯಲ್ಲಿನ ಗೆಲವಿಗೆ ಕಾರಣವಾದ ಕಾಲಕ್ರಮ, ನಿರ್ಬಂಧ, ನ್ಯಾಯವಾದ ಹಂಚಿಕೆ ಇವುಗಳಲ್ಲಿ ಮೊದಲೆರಡನ್ನು ಕೈಬಿಟ್ಟು, ಮೂರನೆಯದನ್ನು ಮಾತಿಗಷ್ಟೇ ಉಳಿಸಿಕೊಂಡರೆ, ಒಪ್ಪಂದವು ಮತ್ತೆ ಬರಿಯ ಘೋಷಣೆಯಾದೀತು.